ಒಂದು ಪೌಂಡಿನ ಕಾರ್ಖಾನೆ, ಮೂರು ತಿಂಗಳ ಹುಂಡಿ

2016ರಲ್ಲಿ ಟಾಟಾ ಸ್ಟೀಲ್ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಉಕ್ಕಿನ ಕಾರ್ಖಾನೆಯನ್ನು ಮಾರಿತು. ಬೆಲೆ ಒಂದೇ ಒಂದು ಪೌಂಡ್. ಕೊಂಡ ಹೂಡಿಕೆ ಸಂಸ್ಥೆ ಗ್ರೇಬುಲ್ ಕ್ಯಾಪಿಟಲ್ ಕೈಯಲ್ಲಿ ಅದು ಮೂರು ವರ್ಷ ಉಸಿರಾಡಿ 2019ರ ಮೇ ತಿಂಗಳಲ್ಲಿ ದಿವಾಳಿಯಾಯಿತು. 2020ರಲ್ಲಿ ಅದನ್ನು ಕೊಳ್ಳಲು ಚೀನಾದ ಉಕ್ಕಿನ ಕಂಪನಿ ಜಿಂಗ್ಯೆ ಬಂತು. 2025ರ ಏಪ್ರಿಲ್ 12, ಶನಿವಾರ, ಬ್ರಿಟನ್ನಿನ ಸಂಸತ್ತು ರಜೆಯ ನಡುವೆ ಸೇರಿ, ಒಂದೇ ದಿನದಲ್ಲಿ ಕಾಯ್ದೆ ಮಾಡಿ, ಕಾರ್ಖಾನೆಯ ಹಿಡಿತವನ್ನು ಸರ್ಕಾರಕ್ಕೆ ಒಪ್ಪಿಸಿತು. ಆ ದಿನ ಒಡೆತನ ಬದಲಾಗಲಿಲ್ಲ, ಪತ್ರದಲ್ಲಿ ಮಾಲೀಕ ಜಿಂಗ್ಯೆಯೇ. ಸರ್ಕಾರ ತುರ್ತಾಗಿ ದುಡ್ಡು ಸುರಿದದ್ದು ಕೋಕಿಂಗ್ ಕಲ್ಲಿದ್ದಲಿಗೆ, ಅದಿರಿಗೆ ಮತ್ತು ಸಂಬಳಕ್ಕೆ. ಏಕೆಂದರೆ ಎರಡು ಊದುಕುಲುಮೆಗಳು ಉರಿಯುತ್ತಿದ್ದವು, ಅವುಗಳ ಹೊಟ್ಟೆಗೆ ಹಾಕುವ ಸರಕು ಮುಗಿಯುತ್ತಾ ಬಂದಿತ್ತು. ದಿನಕ್ಕೆ ಸುಮಾರು 7 ಲಕ್ಷ ಪೌಂಡ್ ನಷ್ಟ ಎಂದು ಮಾಲೀಕರು ಹೇಳುತ್ತಿದ್ದರು.

ಇಷ್ಟು ದೊಡ್ಡ ಕಾರ್ಖಾನೆ ಒಂದು ಪೌಂಡಿಗೆ ಹೇಗೆ ಎಂದು ಕೇಳುವವರು ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಕಬ್ಬಿಣದ ಕಾರ್ಖಾನೆಯನ್ನು ಕೊಳ್ಳುವುದು ಆಗಲೂ ಕಷ್ಟದ ಕೆಲಸವಾಗಿರಲಿಲ್ಲ. ಕೊಂಡ ಮೇಲೆ ಅದಕ್ಕೆ ತಿನ್ನಿಸುವ ದುಡ್ಡು ಎಲ್ಲಿಂದ, ಎಷ್ಟು ದಿನದ ವಾಯಿದೆಗೆ, ಯಾರ ಹೊಣೆಯ ಮೇಲೆ ಬರುತ್ತದೆ ಎಂಬಲ್ಲೇ ಉಳಿಯುವವರೂ ಮುಳುಗುವವರೂ ಬೇರೆಯಾಗುತ್ತಿದ್ದರು.

ಮೊದಲು, ಕೊಳ್ಳುತ್ತಿದ್ದುದು ಏನನ್ನು? ಹೆಚ್ಚಿನ ಕಡೆ ನೆಲವನ್ನಲ್ಲ. ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಇರುವ ನೆಲ ದೊಡ್ಡ ಜಮೀನ್ದಾರರದು. ವಂಶಪಾರಂಪರ್ಯದ ಕಟ್ಟುಪಾಡಿನಿಂದ ಅದನ್ನು ಮಾರುವ ಅಧಿಕಾರ ಎಷ್ಟೋ ಸಲ ಅವರಿಗೇ ಇರುತ್ತಿರಲಿಲ್ಲ. ಹಾಗಾಗಿ ಗುತ್ತಿಗೆ. 21 ವರ್ಷ, 31 ವರ್ಷ, ಅದೃಷ್ಟವಿದ್ದರೆ 99 ವರ್ಷ. ದಕ್ಷಿಣ ವೇಲ್ಸ್‌ನ ಮರ್ಥರ್ ಟಿಡ್ವಿಲ್ ಊರಿನ ಸಿಫಾರ್ಥ್‌ಫಾದಲ್ಲಿ 1765ರಲ್ಲಿ ಆಂಥೊನಿ ಬೇಕನ್ ಮತ್ತು ವಿಲಿಯಂ ಬ್ರೌನ್‌ರಿಗ್ ಸುಮಾರು 4,000 ಎಕರೆಯ ಖನಿಜ ಹಕ್ಕನ್ನು 99 ವರ್ಷಕ್ಕೆ ಹಿಡಿದರು. ಬಾಡಿಗೆ ವರ್ಷಕ್ಕೆ 100 ಪೌಂಡ್. ಗುಡ್ಡದ ಒಡಲಲ್ಲಿ ಏನಿದೆ ಎಂಬುದರ ಅಂದಾಜು ಗುತ್ತಿಗೆ ಕೊಟ್ಟವರಿಗಿಂತ ಪಡೆದವರಿಗೆ ಚೆನ್ನಾಗಿತ್ತು ಅನ್ನಬೇಕು.

ಆದ್ದರಿಂದ ನಡೆಯುತ್ತಿರುವ ಕಾರ್ಖಾನೆಯನ್ನು ಕೊಳ್ಳಲು ಬಂದವನು ಕುಲುಮೆಯ ಎತ್ತರಕ್ಕಿಂತ ಮೊದಲು ಗುತ್ತಿಗೆ ಪತ್ರವನ್ನು ಓದಬೇಕಿತ್ತು. ಇನ್ನೆಷ್ಟು ವರ್ಷ ಉಳಿದಿದೆ? ಬಾಡಿಗೆ ಇಡಿಗಂಟೋ, ಟನ್ನಿಗೆ ಇಷ್ಟೆಂಬ ರಾಯಧನವೋ? ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರಕ್ಕೂ ಹಕ್ಕಿದೆಯೇ, ಅಥವಾ ಒಂದನ್ನು ಪಕ್ಕದ ಜಮೀನ್ದಾರನಿಂದ ಕೊಳ್ಳಬೇಕೇ? ತೊರೆಯ ನೀರು ಯಾರದು? ಗಾಡಿ ಹೋಗುವ ದಾರಿ ಯಾರ ಹೊಲದ ಮೇಲಿದೆ? ಅವಧಿ ಮುಗಿದಾಗ ಕಟ್ಟಡ, ಯಂತ್ರಗಳನ್ನು ಸುಸ್ಥಿತಿಯಲ್ಲಿ ಬಿಟ್ಟು ಹೋಗಬೇಕೆಂಬ ಷರತ್ತಿದೆಯೇ? ಕೊನೆಯ ಪ್ರಶ್ನೆ ಸಾಲಕ್ಕೆ ನೇರವಾಗಿ ತಾಗುತ್ತದೆ. ನೆಲಕ್ಕೆ ನೆಟ್ಟದ್ದು ನೆಲದೊಡೆಯನದು ಎಂಬುದು ಅಲ್ಲಿನ ಹಳೆಯ ನ್ಯಾಯ. ವ್ಯಾಪಾರದ ಯಂತ್ರಗಳಿಗೆ ನ್ಯಾಯಾಲಯಗಳು ರಿಯಾಯಿತಿ ಕೊಡುತ್ತಿದ್ದವಾದರೂ, ಹತ್ತು ವರ್ಷ ಉಳಿದಿರುವ ಗುತ್ತಿಗೆಯ ಮೇಲೆ ಕಟ್ಟಿದ ಕುಲುಮೆಯನ್ನು ಅಡಮಾನವಾಗಿ ಹಿಡಿಯಲು ಯಾವ ಸಾಲಿಗನೂ ಮುಂದೆ ಬರುತ್ತಿರಲಿಲ್ಲ.

ದಾಸ್ತಾನಿನ ಲೆಕ್ಕ ಬೇರೆ. ಅಂಗಳದಲ್ಲಿ ರಾಶಿ ಬಿದ್ದ ಅದಿರು, ಕಲ್ಲಿದ್ದಲನ್ನು ಸುಟ್ಟು ಮಾಡಿಟ್ಟ ಕೋಕ್ ಎಂಬ ಇಂಧನ, ಮಾರಾಟವಾಗದ ಬೀಡುಕಬ್ಬಿಣ (ಕುಲುಮೆಯಿಂದ ಇಳಿದ ಕಚ್ಚಾ ಕಬ್ಬಿಣ), ಕುದುರೆಗಳು, ಅಚ್ಚುಗಳು, ಉಪಕರಣಗಳು. ಮಾರುವವನ ಕಡೆಯಿಂದ ಒಬ್ಬ, ಕೊಳ್ಳುವವನ ಕಡೆಯಿಂದ ಒಬ್ಬ ಬೆಲೆಗಾರ. ಇಬ್ಬರೂ ಒಪ್ಪದಿದ್ದರೆ ಮೂರನೆಯವನೊಬ್ಬ ಮಧ್ಯಸ್ಥ. ತಪ್ಪು ನಡೆಯುತ್ತಿದ್ದುದು ಹೆಚ್ಚಾಗಿ ಇಲ್ಲೇ. ಅದಿರಿನ ರಾಶಿಯನ್ನು ಕಣ್ಣಳತೆಯಲ್ಲಿ ಎಣಿಸುತ್ತಿದ್ದರು. ಮಳೆಗೆ ನೆನೆದು ಪುಡಿಯಾದ ಕೋಕನ್ನು ಒಳ್ಳೆಯ ಕೋಕಿನ ಬೆಲೆಗೆ ಹಿಡಿಯುತ್ತಿದ್ದರು. ವಸೂಲಾಗದ ಬಾಕಿಗಳನ್ನು ಆಸ್ತಿಯ ಪಟ್ಟಿಗೆ ಸೇರಿಸುತ್ತಿದ್ದರು.

ಇನ್ನು ಹೊಟ್ಟೆಯ ಲೆಕ್ಕ. ಒಂದು ಟನ್ ಬೀಡುಕಬ್ಬಿಣಕ್ಕೆ ಮೂರು ಟನ್ನಿನಷ್ಟು ಅದಿರು, ಐದಾರು ಟನ್ನಿಗೂ ಮೀರಿದ ಕಲ್ಲಿದ್ದಲು, ಜೊತೆಗೆ ಸುಣ್ಣಕಲ್ಲು ಬೇಕಿತ್ತು. 1780ರ ದಶಕದ ಒಂದು ಸಾಧಾರಣ ಕೋಕ್ ಕುಲುಮೆ ವಾರಕ್ಕೆ 20 ಟನ್ ಕೊಡುತ್ತದೆ, ಟನ್ನಿಗೆ 6 ಪೌಂಡ್ ಸಿಗುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ವಾರಕ್ಕೆ 120 ಪೌಂಡಿನ ಸರಕು. ಕೊಳ್ಳುವವರು ಆರು ತಿಂಗಳ ಉದ್ದರಿ ಕೇಳುವುದು ಮಾಮೂಲು. 26 ವಾರಕ್ಕೆ 3,120 ಪೌಂಡ್ ಗಿರಾಕಿಗಳ ಕೈಯಲ್ಲಿ. ಇದು ಮಾರಾಟದ ಬೆಲೆ, ಮಾಲೀಕನ ಕೈಯಿಂದ ಹೋದದ್ದು ಇದಕ್ಕಿಂತ ಕಡಿಮೆ ನಿಜ. ಆದರೆ ಮಾರಾಟಕ್ಕೂ ಮೊದಲು ಅಂಗಳದ ರಾಶಿಯಲ್ಲಿ ಹೂತ ಹಣವನ್ನು ನಾವಿನ್ನೂ ಸೇರಿಸಿಲ್ಲ. ಅದೇ ವೇಲ್ಸ್‌ನ ಡೌಲೈಸ್ ಕಾರ್ಖಾನೆಯನ್ನು 1759ರಲ್ಲಿ ಒಂಬತ್ತು ಮಂದಿ ಪಾಲುದಾರರು ಶುರು ಮಾಡಿದಾಗ ಇಡೀ ಬಂಡವಾಳ 4,000 ಪೌಂಡ್ ಆಗಿತ್ತು. ಹೋಲಿಕೆ ಒರಟು, ಆದರೆ ಕುಲುಮೆ ಕಟ್ಟುವುದಕ್ಕೂ ಅದನ್ನು ಉರಿಸುತ್ತಾ ಕಾಯುವುದಕ್ಕೂ ಬೇಕಾದ ಹಣ ಹೆಚ್ಚುಕಡಿಮೆ ಒಂದೇ ಅಳತೆಯದು ಎಂಬುದು ಇದರಿಂದ ಕಾಣುತ್ತದೆ.

ಊದುಕುಲುಮೆಯನ್ನು ಅಂಗಡಿಯ ಬಾಗಿಲು ಎಳೆದ ಹಾಗೆ ನಿಲ್ಲಿಸಿ ಮತ್ತೆ ತೆರೆಯಲು ಬರುವುದಿಲ್ಲ. ಗಾಳಿ ನಿಂತರೆ ಒಳಗಿನ ಕಬ್ಬಿಣ, ಕಿಟ್ಟ ಗಟ್ಟಿಯಾಗಿ ತಳ ಕಟ್ಟಿಕೊಳ್ಳುತ್ತದೆ. ಒಡೆದು ತೆಗೆದು, ಒಳಗೋಡೆ ಹೊಸದಾಗಿ ಕಟ್ಟಿ, ವಾರಗಟ್ಟಲೆ ಮೆಲ್ಲಗೆ ಕಾಯಿಸಬೇಕು. ಬೇಸಿಗೆಯಲ್ಲಿ ತೊರೆ ಬತ್ತಿದರೆ ತಿದಿ ನಿಲ್ಲುತ್ತದೆ. ಕೋಲ್‌ಬ್ರೂಕ್‌ಡೇಲ್‌ನಲ್ಲಿ 1743ರ ಹೊತ್ತಿಗೆ ಉಗಿಯಂತ್ರ ಕೂರಿಸಿದ್ದೇ ಚಕ್ರ ತಿರುಗಿಸಿ ಹರಿದುಹೋದ ನೀರನ್ನು ಮತ್ತೆ ಮೇಲಿನ ಕೊಳಕ್ಕೆ ಎತ್ತುವುದಕ್ಕೆ. ನೀರು ರಜೆ ಹಾಕಬಹುದು, ಸಾಲದ ವಾಯಿದೆ ಹಾಕುವುದಿಲ್ಲ.

ಇಷ್ಟು ಹಣವನ್ನು ಷೇರು ಮಾರಿ ಎತ್ತಬಹುದಿತ್ತಲ್ಲ? ಆಗುತ್ತಿರಲಿಲ್ಲ. 1720ರ ಕಾಯ್ದೆಯೊಂದು ರಾಜಸನ್ನದು ಅಥವಾ ಸಂಸತ್ತಿನ ವಿಶೇಷ ಕಾಯ್ದೆ ಇಲ್ಲದೆ ಸಾರ್ವಜನಿಕ ಷೇರು ಕಂಪನಿ ಕಟ್ಟುವುದನ್ನು ತಡೆದಿತ್ತು. ಅದು ರದ್ದಾದದ್ದು 1825ರಲ್ಲಿ. ನೋಂದಣಿ ಮಾಡಿಸಿದ ಮಾತ್ರಕ್ಕೆ ಷೇರುದಾರನ ಹೊಣೆ ಅವನು ಹಾಕಿದ ಹಣಕ್ಕಷ್ಟೇ ಸೀಮಿತ ಎಂಬ ಅನುಕೂಲ ಬಂದದ್ದು 1855ರಲ್ಲಿ. ಅಲ್ಲಿಯವರೆಗೆ ಇದ್ದುದು ಪಾಲುದಾರಿಕೆ. ಕಾರ್ಖಾನೆ ಮುಳುಗಿದರೆ ಪಾಲುದಾರನ ಮನೆ, ಹೊಲ, ಹೆಂಡತಿಯ ಬೆಳ್ಳಿ ಪಾತ್ರೆಯವರೆಗೂ ಸಾಲಿಗರ ಕೈ ಚಾಚುತ್ತಿತ್ತು. ಅಂಥ ಕಟ್ಟಿಗೆ ಅಪರಿಚಿತರನ್ನು ಸೇರಿಸಿಕೊಳ್ಳುವವರು ಯಾರು? ನೆಂಟರು, ಒಂದೇ ಪ್ರಾರ್ಥನಾಸಭೆಯವರು, ವರ್ಷಗಟ್ಟಲೆ ವ್ಯವಹರಿಸಿದ ವರ್ತಕರು ಮಾತ್ರ. ಪಾಲುಗಳನ್ನು ಹದಿನಾರರ ಲೆಕ್ಕದಲ್ಲಿ ಹಂಚುವುದು ರೂಢಿ, ನಮ್ಮ ರೂಪಾಯಿಗೆ ಹದಿನಾರಾಣೆಯ ಹಾಗೆ. ಪಾಲುಪತ್ರದಲ್ಲಿ ಸಾಮಾನ್ಯವಾಗಿ ಎರಡು ಷರತ್ತು: ಹಾಕಿದ ಬಂಡವಾಳಕ್ಕೆ ಮೊದಲು ನೂರಕ್ಕೆ 5ರ ಬಡ್ಡಿ, ಮಿಕ್ಕ ಲಾಭ ಕಾರ್ಖಾನೆಯಲ್ಲೇ ಉಳಿಯತಕ್ಕದ್ದು. ಬ್ರಿಟನ್ನಿನ ಕಬ್ಬಿಣದ ಉದ್ಯಮ ಬೆಳೆದದ್ದು ಬಹುಪಾಲು ಈ ಎರಡನೆಯ ಷರತ್ತಿನಿಂದ.

ಹಣ ಹಾಕದೆಯೂ ಪಾಲು ಪಡೆಯುವ ದಾರಿಗಳಿದ್ದವು. ಡೌಲೈಸಿನ ಒಂಬತ್ತು ಮಂದಿಯಲ್ಲಿ ಒಬ್ಬನಾದ ಐಸಾಕ್ ವಿಲ್ಕಿನ್‌ಸನ್ ಬಳಿ ಗಾಳಿ ಊದುವ ಯಂತ್ರದ 1757ರ ಪೇಟೆಂಟ್ ಇತ್ತು. 1767ರಲ್ಲಿ ಅಲ್ಲಿಗೆ ವ್ಯವಸ್ಥಾಪಕನಾಗಿ ಬಂದ ಜಾನ್ ಗೆಸ್ಟ್‌ನ ಕುಟುಂಬ ಒಂದೊಂದೇ ಪಾಲು ಕೂಡಿಸುತ್ತಾ ಹೋಗಿ, ಮೊಮ್ಮಗ ಜೋಸಯಾ ಜಾನ್ ಗೆಸ್ಟ್‌ನ ಕಾಲಕ್ಕೆ ಬಹುಪಾಲಿನ ಒಡೆತನ ಪಡೆಯಿತು. ಡರ್ಬಿಶೈರ್‌ನ ಬಟರ್ಲಿಯಲ್ಲಿ 1790ರ ನಂತರ ಕೂಡಿದ ನಾಲ್ವರ ಜೋಡಣೆಯಂತೂ ಪಠ್ಯದಲ್ಲಿಡುವಂಥದ್ದು: ಇಂಜಿನಿಯರುಗಳಾದ ಬೆಂಜಮಿನ್ ಔಟ್ರಂ ಮತ್ತು ವಿಲಿಯಂ ಜೆಸಪ್, ವಕೀಲ ಫ್ರಾನ್ಸಿಸ್ ಬೆರೆಸ್‌ಫರ್ಡ್, ನಾಟಿಂಗ್‌ಹ್ಯಾಮಿನ ಬ್ಯಾಂಕರ್ ಮನೆತನದ ಜಾನ್ ರೈಟ್. ರೈಟ್ ಬೆರೆಸ್‌ಫರ್ಡ್‌ನ ಅಳಿಯ. ಕಬ್ಬಿಣ ಗೊತ್ತಿದ್ದವರು, ಪತ್ರ ಗೊತ್ತಿದ್ದವನು, ದುಡ್ಡು ಗೊತ್ತಿದ್ದವನು, ನಡುವೆ ಒಂದು ಮದುವೆ.

ಪಾಲುದಾರಿಕೆಯ ದೊಡ್ಡ ಶತ್ರು ಸಾವು. ಒಬ್ಬ ಪಾಲುದಾರ ಸತ್ತರೆ ಕೂಟವೇ ಮುರಿಯಿತು, ವಾರಸುದಾರರು ಬಂಡವಾಳ ವಾಪಸು ಕೇಳಬಹುದು. ಕೋಕಿನಿಂದ ಕಬ್ಬಿಣ ಕರಗಿಸಿದ ಅಬ್ರಹಾಂ ಡಾರ್ಬಿಯ ಕಥೆ ಎಲ್ಲರಿಗೂ ಗೊತ್ತು: 1709, ಕೋಲ್‌ಬ್ರೂಕ್‌ಡೇಲ್. ಅವನು ಬ್ರಿಸ್ಟಲ್ಲಿನ ವರ್ತಕ, ತನ್ನಂತೆಯೇ ಕ್ವೇಕರ್ ಎಂಬ ಕ್ರೈಸ್ತ ಪಂಗಡದವನಾದ ಥಾಮಸ್ ಗೋಲ್ಡ್ನಿಗೆ ಅರ್ಧ ಕಾರ್ಖಾನೆಯನ್ನು ಅಡವಿಟ್ಟಿದ್ದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1717ರಲ್ಲಿ ಡಾರ್ಬಿ ಉಯಿಲು ಬರೆಯದೆ ತೀರಿಕೊಂಡ. ಮಕ್ಕಳು ಚಿಕ್ಕವರು. ಆಡಳಿತ ಗೋಲ್ಡ್ನಿಯ ಕಡೆಗೂ ಡಾರ್ಬಿಯ ಅಳಿಯ ರಿಚರ್ಡ್ ಫೋರ್ಡ್‌ನ ಕಡೆಗೂ ವಾಲಿತು. ಸಾಲಿಗನೂ ಸಮುದಾಯದವನೇ ಆಗಿದ್ದರಿಂದ ಕುಲುಮೆ ಹರಾಜಿಗೆ ಬೀಳಲಿಲ್ಲ. ಸಂಸಾರದ ಪಾಲು ಮಾತ್ರ ಸಣ್ಣದಾಯಿತು.

ಕೊಳ್ಳುವವನ ಕೈಯಲ್ಲಿ ಇಡಿಗಂಟು ಇಲ್ಲದಿದ್ದರೆ ಸಾಲ ಕೊಡುವ ಮೊದಲ ವ್ಯಕ್ತಿ ಮಾರುವವನೇ. ಸ್ವಲ್ಪ ನಗದು ಕೈಗೆ, ಉಳಿದದ್ದು ಕಾರ್ಖಾನೆಯ ಮೇಲೇ ಅಡಮಾನವಾಗಿ, ವರ್ಷಕ್ಕಿಷ್ಟು ಕಂತು. ಅಥವಾ ಮೊದಲು ಬಾಡಿಗೆಗೆ ಹಿಡಿದು, ಅದರ ಲಾಭದಲ್ಲೇ ಕೊಳ್ಳುವುದು. ಬೇಕನ್ 1786ರಲ್ಲಿ ಸತ್ತಾಗ ರಿಚರ್ಡ್ ಕ್ರಾಶೇ, ವಿಲಿಯಂ ಸ್ಟೀವನ್ಸ್ ಮತ್ತು ಜೇಮ್ಸ್ ಕಾಕ್‌ಶಟ್ ಎಂಬಿಬ್ಬರ ಜೊತೆ ಸಿಫಾರ್ಥ್‌ಫಾವನ್ನು ಗುತ್ತಿಗೆಗೆ ಪಡೆದ. ಮರುವರ್ಷ, ಬೀಡುಕಬ್ಬಿಣವನ್ನು ಕಲ್ಲಿದ್ದಲಿನಿಂದಲೇ ಮೆದುಕಬ್ಬಿಣ ಮಾಡುವ ಹೆನ್ರಿ ಕಾರ್ಟ್‌ನ ಹೊಸ ವಿಧಾನಕ್ಕೆ ಪರವಾನಗಿ ತೆಗೆದುಕೊಂಡ. ಪಾಲುದಾರರು ಒಬ್ಬೊಬ್ಬರಾಗಿ ಹೊರನಡೆದರು. 1794ರಲ್ಲಿ ಕಾರ್ಖಾನೆ ಕ್ರಾಶೇ ಒಬ್ಬನದೇ. ಎಂಟು ವರ್ಷ ಬಾಡಿಗೆದಾರನಾಗಿ ಆ ಕುಲುಮೆಯ ಗುಣದೋಷಗಳನ್ನೆಲ್ಲ ಕಂಡುಕೊಂಡು, ಆಮೇಲೆ ಬೆಲೆ ಕೊಟ್ಟ. ಆ ಕಾಲದ ಖರೀದಿಗಳಲ್ಲಿ ಇದಕ್ಕಿಂತ ಜಾಣತನದ್ದು ಕಾಣುವುದು ಕಷ್ಟ. ಅವನು ಲಂಡನ್ನಿನಲ್ಲಿ ಕಬ್ಬಿಣದ ವರ್ತಕನೂ ಆಗಿದ್ದ ಎಂಬುದನ್ನು ಮರೆಯಬಾರದು: ಸರಕು ಮಾರುವ ಅಂಗಡಿ ಮೊದಲು, ಕುಲುಮೆ ಆಮೇಲೆ.

ಮೂರನೆಯ ದಾರಿ ಹೊರಗಿನ ಅಡಮಾನ ಸಾಲ. ಊರಿನ ವಕೀಲನೇ ದಲ್ಲಾಳಿ. ವಿಧವೆಯರು, ಪಾದ್ರಿಗಳು, ವ್ಯಾಪಾರ ಬಿಟ್ಟು ಕುಳಿತ ವರ್ತಕರು ಅವನ ಬಳಿ ಹಣ ಇಟ್ಟಿರುತ್ತಿದ್ದರು. ಇಲ್ಲೊಂದು ವಿಚಿತ್ರ ಗಂಟು. 1714ರಿಂದ ಬಡ್ಡಿಗೆ ಕಾನೂನಿನ ಗರಿಷ್ಠ ಮಿತಿ ನೂರಕ್ಕೆ 5. ಅದು ಪೂರ್ತಿ ರದ್ದಾದದ್ದು 1854ರಲ್ಲಿ. ಶಾಂತಿಕಾಲದಲ್ಲಿ ಯಾರಿಗೂ ತೊಂದರೆಯಿಲ್ಲ. ಯುದ್ಧ ಬಂದರೆ ಸರ್ಕಾರವೇ ಸಾಲ ಎತ್ತುತ್ತದೆ, ಅದಕ್ಕೆ ಮಿತಿ ಅನ್ವಯಿಸುವುದಿಲ್ಲ. 1797ರಲ್ಲಿ 100 ಪೌಂಡ್ ಮುಖಬೆಲೆಗೆ 3 ಪೌಂಡ್ ಬಡ್ಡಿ ಕೊಡುವ ಸರ್ಕಾರಿ ಸಾಲಪತ್ರ 50 ಪೌಂಡಿಗಿಂತ ಕೆಳಗೆ ಬಿದ್ದಿತ್ತು. ಅಂದರೆ ಕೊಂಡವನಿಗೆ ನೂರಕ್ಕೆ 6ಕ್ಕೂ ಹೆಚ್ಚು. ಹೀಗಿರುವಾಗ ಕಬ್ಬಿಣದ ಮಾಲೀಕನಿಗೆ 5ಕ್ಕೆ ಸಾಲ ಕೊಡುವ ವಿಧವೆ ಎಲ್ಲಿದ್ದಾಳು? ಫಿರಂಗಿಗೆ ಬೇಡಿಕೆ ಏರಿ, ಕುಲುಮೆ ವಿಸ್ತರಿಸಲೇಬೇಕಾದ ಹೊತ್ತಿಗೇ ದೀರ್ಘಾವಧಿಯ ಹಣ ಮಾರುಕಟ್ಟೆಯಿಂದ ಮಾಯ. ಇಷ್ಟಿದ್ದೂ ದೇಶದ ಬೀಡುಕಬ್ಬಿಣ 1788ರಲ್ಲಿ ಸುಮಾರು 68,000 ಟನ್ ಇದ್ದದ್ದು 1796ಕ್ಕೆ 1,25,000 ಆಗಿ, 1806ಕ್ಕೆ ಎರಡೂವರೆ ಲಕ್ಷದ ಹತ್ತಿರ ಬಂತು. ಲಾಭವನ್ನು ಕುಲುಮೆಗೇ ಹಾಕಿದ್ದರಿಂದ ಸ್ವಲ್ಪ. ಇನ್ನು ಸ್ವಲ್ಪ ಹುಂಡಿಯಿಂದ.

ದೇವಸ್ಥಾನದ ಹುಂಡಿಯಲ್ಲ, ಸಾಹುಕಾರರ ಹುಂಡಿ: ಇಂಥ ದಿನ ಇಷ್ಟು ಹಣ ಕೊಡಬೇಕೆಂಬ ಪತ್ರ. 500 ಪೌಂಡಿನ ಕಬ್ಬಿಣ ಮಾರಿದವನು ಕೊಂಡವನ ಮೇಲೆ ಮೂರು ತಿಂಗಳ ವಾಯಿದೆಯ ಹುಂಡಿ ಬರೆಯುತ್ತಾನೆ. ಕೊಂಡವನು ಅದರ ಮೇಲೆ ಒಪ್ಪಿಗೆಯ ಸಹಿ ಹಾಕುತ್ತಾನೆ. ಮಾರಿದವನಿಗೆ ಶನಿವಾರದ ಬಟವಾಡೆಗೆ ದುಡ್ಡು ಬೇಕು, ಬ್ಯಾಂಕಿಗೆ ಒಯ್ದು ವಟಾವು ಮಾಡಿಸುತ್ತಾನೆ. ನೂರಕ್ಕೆ 5ರಂತೆ ಮೂರು ತಿಂಗಳಿಗೆ 6 ಪೌಂಡ್ 5 ಶಿಲ್ಲಿಂಗ್ (ಪೌಂಡಿಗೆ 20 ಶಿಲ್ಲಿಂಗ್) ಮುರಿದು 493 ಪೌಂಡ್ 15 ಶಿಲ್ಲಿಂಗ್ ಕೈಗೆ. ಬ್ಯಾಂಕ್ ಹಿಂಬದಿ ಸಹಿ ಮಾಡಿ ಲಂಡನ್ನಿಗೆ ಕಳಿಸಬಹುದು. ದಾರಿಯಲ್ಲಿ ಸಹಿ ಹಾಕಿದ ಪ್ರತಿಯೊಬ್ಬನೂ ಹೊಣೆಗಾರ, ಆದ್ದರಿಂದ ಸಹಿ ಹೆಚ್ಚಿದಷ್ಟೂ ಕಾಗದ ಗಟ್ಟಿ. ಬ್ಯಾಂಕುಗಳು ಕಬ್ಬಿಣದ ಕಣಿವೆಗಳಿಗೆ ಬಂದದ್ದೇ ಈ ವ್ಯವಹಾರಕ್ಕೆ. 1765ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬ್ಯಾಂಕ್ ತೆರೆದ ಇಬ್ಬರಲ್ಲಿ ಸ್ಯಾಂಪ್ಸನ್ ಲಾಯ್ಡ್ ಕಬ್ಬಿಣದ ವ್ಯಾಪಾರಿ, ಜಾನ್ ಟೇಲರ್ ಗುಂಡಿ ತಯಾರಕ. ಇಂದಿನ ಲಾಯ್ಡ್ಸ್ ಬ್ಯಾಂಕಿನ ಬೇರು ಅದು.

ಬೆನ್ನಿಗೆ ಸರಕಿರುವ ಹುಂಡಿ ತನ್ನನ್ನು ತಾನೇ ತೀರಿಸಿಕೊಳ್ಳುತ್ತದೆ. ಕಬ್ಬಿಣ ಮಾರಾಟವಾಯಿತು, ಹಣ ಬಂತು, ಕಾಗದ ಹರಿಯಿತು. ಸರಕೇ ಇಲ್ಲದೆ ಬರೆದ ಹುಂಡಿಯ ಕಥೆ ಬೇರೆ. ಎಡಿನ್‌ಬರೋದವನು ಲಂಡನ್ನಿನ ಗೆಳೆಯನ ಮೇಲೆ ಎರಡು ತಿಂಗಳಿಗೆ ಬರೆಯುತ್ತಾನೆ; ವಾಯಿದೆಗೆ ಮುಂಚೆ ಲಂಡನ್ನಿನವನು ಬಡ್ಡಿ, ದಲ್ಲಾಳಿ ಸೇರಿಸಿ ಎಡಿನ್‌ಬರೋದವನ ಮೇಲೆ ತಿರುಗಿ ಬರೆಯುತ್ತಾನೆ. ಈ ಸುತ್ತಾಟದ ಲೆಕ್ಕವನ್ನು ಆಡಂ ಸ್ಮಿತ್ ಬಿಡಿಸಿಟ್ಟಿದ್ದಾನೆ: ಬಡ್ಡಿ 5, ಪ್ರತಿ ಸುತ್ತಿಗೆ ನೂರಕ್ಕೆ ಕನಿಷ್ಠ ಅರ್ಧ ಪೌಂಡ್ ದಲ್ಲಾಳಿ, ವರ್ಷಕ್ಕೆ ಆರಕ್ಕೂ ಹೆಚ್ಚು ಸುತ್ತು, ಒಟ್ಟು ನೂರಕ್ಕೆ 8ರ ಮೇಲೆ. ಬಡ್ಡಿಯ ಮಿತಿಯನ್ನು ದಲ್ಲಾಳಿಯ ಹೆಸರಲ್ಲಿ ದಾಟುವ ಉಪಾಯವೂ ಇದೇ. ಹೊಸ ಕುಲುಮೆಯ ಇಟ್ಟಿಗೆಗೆ ಈ ಹಣ ಹಾಕಿದರೆ ಇಟ್ಟಿಗೆ ತನ್ನ ಬೆಲೆ ದುಡಿಯಲು ಹತ್ತು ವರ್ಷ ಬೇಕು, ಹುಂಡಿಗೆ ಅರವತ್ತು ದಿನ.

ಸ್ಕಾಟ್‌ಲೆಂಡಿನ ಕ್ಯಾರನ್ ಕಂಪನಿ ಈ ಬಲೆಯಲ್ಲಿ ಸಿಕ್ಕಿತು. 1759ರಲ್ಲಿ ಜಾನ್ ರೋಬಕ್, ಸ್ಯಾಮ್ಯುಯೆಲ್ ಗಾರ್ಬೆಟ್ ಮತ್ತು ವಿಲಿಯಂ ಕ್ಯಾಡೆಲ್ ಕಟ್ಟಿದ ಇದಕ್ಕೆ ಮೊದಲ ಬಂಡವಾಳ 12,000 ಪೌಂಡ್. ಮರುವರ್ಷವೇ ಕುಲುಮೆ ಹೊತ್ತಿತು. ಆಮೇಲೆ ಗಣಿ, ಅಣೆಕಟ್ಟು, ಮತ್ತಷ್ಟು ಕುಲುಮೆ, ಎಲ್ಲಕ್ಕೂ ಹುಂಡಿಯ ಮೇಲೆ ಹುಂಡಿ. ಹಾಗೆ ಬರೆದದ್ದನ್ನೆಲ್ಲ ವಟಾವು ಮಾಡಲು 1769ರಲ್ಲಿ ಏರ್ ಪಟ್ಟಣದಲ್ಲಿ ಡಗ್ಲಸ್, ಹೆರಾನ್ ಕಂಪನಿಯ ಉದಾರ ಬ್ಯಾಂಕ್ ಬೇರೆ ಹುಟ್ಟಿತ್ತು. 8ಕ್ಕೂ ಹೆಚ್ಚು ದರಕ್ಕೆ ಲಂಡನ್ನಿನಲ್ಲಿ ಹಣ ಎತ್ತಿ 5ಕ್ಕೆ ಸಾಲ ಕೊಡುವ ಬ್ಯಾಂಕ್ ಎಷ್ಟು ದಿನ ಬಾಳೀತು? 1772ರ ಜೂನ್ 10ರಂದು ಲಂಡನ್ನಿನ ಬ್ಯಾಂಕರ್ ಅಲೆಕ್ಸಾಂಡರ್ ಫೋರ್ಡೈಸ್ ತಲೆತಪ್ಪಿಸಿಕೊಂಡ. ಅದೇ ತಿಂಗಳು ಏರ್ ಬ್ಯಾಂಕ್ ಹಣ ಪಾವತಿ ನಿಲ್ಲಿಸಿತು. ಅದರ ಪಾಲುದಾರರಲ್ಲಿ ದೊಡ್ಡ ಜಮೀನ್ದಾರರಿದ್ದರು, ಹೊಣೆಗೆ ಮಿತಿಯಿರಲಿಲ್ಲ, ಎಸ್ಟೇಟುಗಳು ಮಾರಾಟಕ್ಕೆ ಬಂದವು. ಕ್ಯಾರನ್ ಬೀಳದೆ ಉಳಿದದ್ದು ರೂಪ ಬದಲಿಸಿದ್ದರಿಂದ: 1773ರಲ್ಲಿ ರಾಜಸನ್ನದು, 250 ಪೌಂಡಿನ 600 ಷೇರು, ಒಟ್ಟು 1,50,000 ಪೌಂಡ್. ಕಟ್ಟಿದವರು ಮಾತ್ರ ಉಳಿಯಲಿಲ್ಲ. ಬೋನೆಸ್‌ನ ಕಲ್ಲಿದ್ದಲು ಗಣಿಗಳಿಗೆ ಹಣ ಸುರಿದಿದ್ದ ರೋಬಕ್ ಅದೇ ವರ್ಷ ದಿವಾಳಿ. ಜೇಮ್ಸ್ ವಾಟ್‌ನ ಉಗಿಯಂತ್ರದ ಪೇಟೆಂಟಿನಲ್ಲಿ ಅವನಿಗಿದ್ದ ಮೂರರಲ್ಲಿ ಎರಡು ಪಾಲು, 1,200 ಪೌಂಡಿನ ಬಾಕಿಗೆ ಬದಲಾಗಿ ಮ್ಯಾಥ್ಯೂ ಬೋಲ್ಟನ್‌ಗೆ ಹೋಯಿತು. ಉಳಿದ ಸಾಲಿಗರಿಗೆ ಆ ಕಾಗದ ಬೇಕಾಗಿಯೇ ಇರಲಿಲ್ಲ.

ಅದೇ ಬೋಲ್ಟನ್ ಮುಂದೆ ಕಬ್ಬಿಣದ ಮಾಲೀಕರಿಗೆ ಹೊಸ ಬಗೆಯ ಹಣಕಾಸು ಕಲಿಸಿದ. ವಾಟ್ ರೂಪಿಸಿದ ಪಂಪಿನ ಯಂತ್ರಕ್ಕೆ ಇಡಿ ಬೆಲೆ ಬೇಡ. ಬಿಡಿಭಾಗ, ಜೋಡಣೆಯ ಖರ್ಚು ನಿಮ್ಮದು. ಹಳೆಯ ಬಗೆಯ ನ್ಯೂಕಮನ್ ಉಗಿಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲು 1800ರವರೆಗೆ ಕೊಡಿ. ಉಳಿತಾಯ ಬಂದ ಮೇಲೆ ಕಂತು. ಇದರಲ್ಲಿ ಕೆಟ್ಟದ್ದು ಲೆಕ್ಕದ ಜಗಳ: ಹಳೆಯ ಯಂತ್ರ ಎಷ್ಟು ತಿನ್ನುತ್ತಿತ್ತು ಎಂಬುದನ್ನು ಅದು ಕಿತ್ತುಹಾಕಿದ ಮೇಲೆ ಸಾಬೀತು ಮಾಡುವುದು ಹೇಗೆ? ಚಕ್ರ ತಿರುಗಿಸುವ ಯಂತ್ರಗಳಿಗೆ ಆಮೇಲೆ ಕುದುರೆಬಲಕ್ಕೆ ವರ್ಷಕ್ಕೆ 5 ಪೌಂಡ್ ಎಂದು ನಿಗದಿ ಮಾಡಿದರು.

ಸಾಲಿಗನ ಹಣದ ಮೂಲ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೆನ್ರಿ ಕಾರ್ಟ್. ಪೋರ್ಟ್ಸ್‌ಮತ್ ಬಳಿಯ ಫಾಂಟ್ಲಿಯಲ್ಲಿ ಅವನ ಕಾರ್ಖಾನೆ; 1783, 1784ರ ಪೇಟೆಂಟುಗಳು. ಬಂಡವಾಳ ಕೊಟ್ಟವನು ನೌಕಾಪಡೆಯ ವೇತನ ಕಚೇರಿಯ ಹಿರಿಯ ಅಧಿಕಾರಿ ಆಡಂ ಜೆಲಿಕೊ, ಪಾಲುದಾರ ಅವನ ಮಗ ಸ್ಯಾಮ್ಯುಯೆಲ್, ಜಾಮೀನು ಆ ಪೇಟೆಂಟುಗಳೇ. 1789ರ ಆಗಸ್ಟಿನಲ್ಲಿ ಜೆಲಿಕೊ ಸತ್ತ. ಸಾಲ ಕೊಟ್ಟದ್ದು ಸರ್ಕಾರದ ಹಣ ಎಂದು ಆಗ ಬಯಲಾಯಿತು. 27,500 ಪೌಂಡಿನ ಬಾಕಿಗೆ ಸರ್ಕಾರ ಪೇಟೆಂಟುಗಳನ್ನು ವಶಪಡಿಸಿಕೊಂಡಿತು, ಕಾರ್ಟ್ ದಿವಾಳಿಯಾದ. ಟನ್ನಿಗೆ 10 ಶಿಲ್ಲಿಂಗ್ ಕೊಡಲು ಒಪ್ಪಿದ್ದ ಮಾಲೀಕರಿಂದ ಸರ್ಕಾರ ಸರಿಯಾಗಿ ವಸೂಲಿಯನ್ನೂ ಮಾಡಲಿಲ್ಲ. ಹೀಗಾಗಿ ಮರ್ಥರ್‌ನವರಿಗೆ ಆ ವಿಧಾನ ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಿತು. 1794ರಲ್ಲಿ ಕಾರ್ಟ್‌ಗೆ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟರು.

ಇತ್ತೀಚಿನ ಖರೀದಿಗಳಿಗೆ ಈ ಲೆಕ್ಕ ಹಚ್ಚಿ ನೋಡಬಹುದು. 2007ರಲ್ಲಿ ಟಾಟಾ ಸ್ಟೀಲ್ ಕೋರಸ್ ಕಂಪನಿಯನ್ನು 620 ಕೋಟಿ ಪೌಂಡಿಗೆ ಕೊಂಡಾಗ ಅದರ ದೊಡ್ಡ ಪಾಲು ಸಾಲವಾಗಿತ್ತು, ಆ ಸಾಲಕ್ಕೆ ಆಧಾರ ಕೋರಸ್ಸಿನದೇ ಗಳಿಕೆ. ಕೊಳ್ಳುವ ವಸ್ತುವಿನ ಗಳಿಕೆಯಿಂದಲೇ ಅದರ ಬೆಲೆ ತೀರಿಸುವ ಹಳೆಯ ಕ್ರಮ ಅದು. ಕ್ರಾಶೇಗೆ ಅದು ಕೈಗೂಡಿದ್ದು ಏರುತ್ತಿದ್ದ ಬೇಡಿಕೆಯ ಕಾಲದಲ್ಲಿ. ಟಾಟಾ ಕೊಂಡ ಮರುವರ್ಷ ಜಗತ್ತಿನ ಉಕ್ಕಿನ ಬೇಡಿಕೆ ಕುಸಿಯಿತು. ಕೋರಸ್ ಜೊತೆ ಟಾಟಾ ಕೈಗೆ ಬಂದ, ವೇಲ್ಸ್‌ನ ಪೋರ್ಟ್ ಟಾಲ್ಬಟ್ ಕಾರ್ಖಾನೆಯ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು. ಅಲ್ಲಿ 125 ಕೋಟಿ ಪೌಂಡಿನ ವಿದ್ಯುತ್ ಕುಲುಮೆಗೆ ಬ್ರಿಟಿಷ್ ಸರ್ಕಾರ 50 ಕೋಟಿ ಕೊಡುತ್ತಿದೆ. ವಿದ್ಯುತ್ ಕುಲುಮೆಯನ್ನು ಬೇಕೆಂದಾಗ ಆರಿಸಿ ಹೊತ್ತಿಸಬಹುದು. ಹಣಕಾಸಿನವರಿಗೆ ಇದು ಸಣ್ಣ ಅನುಕೂಲವಲ್ಲ.

ಉಳಿದಿರುವುದು ನೆಲದೊಡೆಯನ ಸಂಗತಿ. ಡೌಲೈಸಿನ ನೆಲದ 99 ವರ್ಷದ ಗುತ್ತಿಗೆ ಮುಗಿದದ್ದು 1848ರಲ್ಲಿ. ಆ ಹೊತ್ತಿಗೆ ಅದು ಜಗತ್ತಿನ ಅತಿ ದೊಡ್ಡ ಕಬ್ಬಿಣದ ಕಾರ್ಖಾನೆಗಳಲ್ಲೊಂದು. ನೆಲದ ಒಡೆಯ ಬ್ಯೂಟ್ ಪ್ರಭು ಹೊಸ ಗುತ್ತಿಗೆಯ ಮಾತಿಗೆ ವರ್ಷಗಟ್ಟಲೆ ಜಗ್ಗಲಿಲ್ಲ. ಜೋಸಯಾ ಜಾನ್ ಗೆಸ್ಟ್ ಕಾರ್ಖಾನೆಯನ್ನು ಮುಚ್ಚುವ ಸಿದ್ಧತೆಗೇ ಇಳಿದಿದ್ದ. 1848ರ ಮಾರ್ಚಿನಲ್ಲಿ ಬ್ಯೂಟ್ ತೀರಿಕೊಂಡ, ಬಳಿಕ ಗುತ್ತಿಗೆ ನವೀಕರಣವಾಯಿತು. ಹಳೆಯ ಪತ್ರದಲ್ಲಿದ್ದ ಪುಡಿಗಾಸಿನ ಬಾಡಿಗೆ ಹೊಸ ಪತ್ರದಲ್ಲಿ ಇರಲಿಲ್ಲ.